ಒಂದೊಂದೋ, ಬುಟ್ಟಿಯೋ, ಲೋಡೋ? ದಾಖಲೆಗಳ ಗುಂಪನ್ನು ಎಪಿಐಯಲ್ಲಿ ನಿಭಾಯಿಸುವ ದಾರಿಗಳು

ಹತ್ತು ದಿನ ಕಡಲಲ್ಲಿದ್ದು ಮಲ್ಪೆಗೆ ಮರಳುವ ಬೋಟು ಬಂದರಿಗೆ ತಾಗುವ ಮೊದಲೇ ಅದರೊಳಗಿನ ಮೊಬೈಲುಗಳಿಗೆ ಜೀವ ಬರುತ್ತದೆ. ಮನೆಯವರ ಮೆಸೇಜು, ಐಸ್ ಪ್ಲಾಂಟಿನವರ ಮಿಸ್ಡ್ ಕಾಲು, ಅವುಗಳ ನಡುವೆ ನಮ್ಮ ಆ್ಯಪ್ ಕೂಡ ಎದ್ದು ಕೂರುತ್ತದೆ. ಯಾವ ಹೊತ್ತಿಗೆ ಬಲೆ ಬಿಟ್ಟದ್ದು, ಏನು ಬಿತ್ತು, ಎಷ್ಟು ಬಾಕ್ಸು ಎಂದು ಬೋಟು ನಡೆಸುವ ತಾಂಡೇಲರು ಬರೆದಿಟ್ಟ 340 ದಾಖಲೆಗಳು ಅದರ ಹೊಟ್ಟೆಯಲ್ಲಿವೆ. ಎಲ್ಲವನ್ನೂ ಸರ್ವರಿಗೆ ದಾಟಿಸಬೇಕು. 190 ಹೋಗುವಷ್ಟರಲ್ಲಿ ನೆಟ್‌ವರ್ಕ್ ಮಾಯ. ಈಗ ಹೇಳಿ, 191ನೆಯದು ಹೋಯಿತಾ, ಇಲ್ಲವಾ?

ಉಡುಪಿಯ ನಮ್ಮ ಪುಟ್ಟ ಆಫೀಸಿನಲ್ಲಿ ಈ ಆ್ಯಪ್ ಬರೆದ ಮೊದಲ ವರ್ಷ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಆ್ಯಪ್‌ಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣ ಅದು ಮತ್ತೊಮ್ಮೆ ಕಳಿಸಿತು. ಮರುದಿನ ಬೋಟಿನ ಮಾಲೀಕರ ಫೋನು: “ಎಂತ ಮಾರಾಯ್ರೆ, ನಾವು ಹಿಡಿದ ಅಂಜಲ್ ನಿಮ್ಮ ಲೆಕ್ಕದಲ್ಲಿ ಮರಿ ಹಾಕಿದೆಯಾ?”

ಅಂದಿನಿಂದ ಎಪಿಐ ಮೂಲಕ, ಅಂದರೆ ಆ್ಯಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಬಾಗಿಲಿನ ಮೂಲಕ, ದಾಖಲೆಗಳ ಗುಂಪನ್ನು ಸೇರಿಸುವ, ತಿದ್ದುವ, ಅಳಿಸುವ ದಾರಿ ಆರಿಸುವಾಗ ವೇಗದ ಮಾತು ನನಗೆ ಎರಡನೆಯದು. ಕೆಲಸ ಅರ್ಧಕ್ಕೆ ನಿಂತರೆ ಎಲ್ಲಿ ನಿಂತಿತೆಂದು ಕಳಿಸಿದವನಿಗೆ ತಿಳಿಯುತ್ತದೆಯೇ ಎನ್ನುವುದು ಮೊದಲನೆಯದು. ಮುಂದಿನ ಹೋಲಿಕೆಯನ್ನೆಲ್ಲ ಈ ಒಂದು ಅಳತೆಗೋಲಿನಿಂದಲೇ ಮಾಡಿದ್ದೇನೆ.

ಒಂದೊಂದಾಗಿ ಕಳಿಸುವುದು

ಒಂದು ದಾಖಲೆಗೆ ಸರ್ವರಿಗೆ ಒಂದು ಕರೆ (ರಿಕ್ವೆಸ್ಟ್). ಬರೆಯಲು ಸುಲಭ, ತಪ್ಪು ಬಂದರೆ ಯಾವುದರಲ್ಲಿ ಬಂತು ಎನ್ನುವುದೂ ಸ್ಪಷ್ಟ. ದಿನಕ್ಕೆ ಇಪ್ಪತ್ತೋ ಮೂವತ್ತೋ ದಾಖಲೆ ಬರುವ ಕಡೆ ಇದರಾಚೆ ಯೋಚಿಸುವುದೇ ಬೇಡ. ಹಾಸ್ಟೆಲಿನ ಬಟ್ಟೆ ಒಗೆಯುವ ಲೆಕ್ಕಕ್ಕೆ ಕೆಲಸಗಳನ್ನು ಸಾಲಿನಲ್ಲಿಡುವ ಕ್ಯೂ, ಅವನ್ನು ಹಿನ್ನೆಲೆಯಲ್ಲಿ ಮಾಡುವ ವರ್ಕರ್, ಇನ್ನೇನೋ ಎಲ್ಲ ಕಟ್ಟಿಕೊಂಡು ಬಂದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಇದರ ತೊಂದರೆ ಹೋಗಿಬರುವ ಸಮಯದ್ದು. ಆಫೀಸಿನ ಫೈಬರಿನಲ್ಲಿ ಒಂದು ಕರೆಗೆ 50 ಮಿಲಿಸೆಕೆಂಡ್ ಹಿಡಿದರೆ 340 ದಾಖಲೆಗೆ 17 ಸೆಕೆಂಡು, ಯಾರಿಗೂ ಬೇಜಾರಿಲ್ಲ. ಅಳಿವೆಬಾಗಿಲಿನ ಹತ್ತಿರ ಒಂದೇ ಕಡ್ಡಿ ಸಿಗ್ನಲಿನಲ್ಲಿ ಕರೆಗೆ ಒಂದು ಸೆಕೆಂಡು ಹಿಡಿದರೆ ಅದೇ ಕೆಲಸಕ್ಕೆ ಐದೂವರೆ ನಿಮಿಷಕ್ಕೂ ಹೆಚ್ಚು. ಎಚ್‌ಟಿಟಿಪಿ 2ರಲ್ಲಿ ಒಂದೇ ಸಂಪರ್ಕದಲ್ಲಿ ಹಲವು ಕರೆಗಳನ್ನು ಏಕಕಾಲಕ್ಕೆ ಓಡಿಸಬಹುದು, ಆಗ ಕಾಯುವುದು ಕಡಿಮೆಯಾಗುತ್ತದೆ ನಿಜ. ಆದರೂ ಪ್ರತಿ ಕರೆಗೂ ಲಾಗಿನ್ ಪರೀಕ್ಷೆ, ಪ್ರತಿ ಕರೆಗೂ ಡೇಟಾಬೇಸಿನಲ್ಲಿ ಒಂದು ವ್ಯವಹಾರ (ಟ್ರಾನ್ಸಾಕ್ಷನ್) ತಪ್ಪುವುದಿಲ್ಲ.

ಯಾವ ದಾರಿ ಹಿಡಿದರೂ ಬಿಡದ ಒಂದು ವಿಷಯ ಇಲ್ಲೇ ತೀರ್ಮಾನವಾಗಬೇಕು. ದಾಖಲೆಗೆ ಗುರುತಿನ ಸಂಖ್ಯೆ ಕೊಡುವವರು ಯಾರು? ಕರೆಗಳಲ್ಲಿ ಬಗೆಗಳುಂಟು. ಪೋಸ್ಟ್ ಎಂದರೆ ‘ಇದನ್ನು ತಕ್ಕೋ, ನಂಬರು ನೀನೇ ಕೊಡು’. ಎರಡು ಸಲ ಹೇಳಿದರೆ ಎರಡು ದಾಖಲೆ ಹುಟ್ಟುತ್ತವೆ. ನಮ್ಮ ಅಂಜಲ್ ಮರಿ ಹಾಕಿದ್ದು ಹೀಗೆಯೇ. ಪುಟ್ ಎಂದರೆ ‘ಈ ನಂಬರಿನ ಜಾಗದಲ್ಲಿ ಇದನ್ನಿಡು’. ಹತ್ತು ಸಲ ಹೇಳಿದರೂ ಫಲ ಒಂದೇ. ಅದಕ್ಕೆ ನಂಬರನ್ನು ಮೊಬೈಲೇ ಹುಟ್ಟಿಸಬೇಕು. ಯಾರನ್ನೂ ಕೇಳದೆ ಹುಟ್ಟಿಸಿದರೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯದಷ್ಟು ಉದ್ದದ ಗುರುತು, ಯುಯುಐಡಿ, ಇರುವುದು ಇದಕ್ಕಾಗಿಯೇ. 2024ರಲ್ಲಿ ಬಂದ ಇಂಟರ್ನೆಟ್ ಮಾನದಂಡದ ಕಡತ ಆರ್‌ಎಫ್‌ಸಿ 9562ರಲ್ಲಿರುವ ಏಳನೇ ಆವೃತ್ತಿಯ ಯುಯುಐಡಿಯಲ್ಲಿ ಮೊದಲ ಭಾಗವೇ ಸಮಯ. ಹಾಗಾಗಿ ಹೊಸ ದಾಖಲೆಗಳು ಡೇಟಾಬೇಸಿನ ಹುಡುಕುಪಟ್ಟಿಯಲ್ಲಿ (ಇಂಡೆಕ್ಸ್) ಅಲ್ಲೊಂದು ಇಲ್ಲೊಂದು ಚೆಲ್ಲದೆ ಸಾಲಾಗಿ ಕೂರುತ್ತವೆ.

ಇನ್ನೊಂದು ಉಪಾಯವೂ ಉಂಟು. ಪೋಸ್ಟನ್ನೇ ಇಟ್ಟುಕೊಂಡು ಪ್ರತಿ ಕರೆಯ ತಲೆಯಲ್ಲಿ ಐಡೆಂಪೊಟೆನ್ಸಿ ಕೀ ಎಂಬ ಗುರುತು ಕಳಿಸುವುದು, ಅದೇ ಗುರುತು ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡುವುದು. ಹಣ ಪಾವತಿಯ ಎಪಿಐಗಳಲ್ಲಿ ಇದು ಚಾಲ್ತಿಯಲ್ಲಿದೆ. ಸ್ಟ್ರೈಪ್‌ನ ಮೊದಲ ಆವೃತ್ತಿಯ ಎಪಿಐ ಅಂಥ ಗುರುತನ್ನು ಕನಿಷ್ಠ 24 ಗಂಟೆ ನೆನಪಿಡುತ್ತದೆ. ಅಂಗಡಿಯಲ್ಲಿ ಕಾರ್ಡು ಉಜ್ಜಿದವನಿಗೆ 24 ಗಂಟೆ ಧಾರಾಳ. ಬಂದರಿನಲ್ಲಿ ಅರ್ಧ ಕಳಿಸಿ, ಡೀಸೆಲ್ ತುಂಬಿಸಿಕೊಂಡು, ಮತ್ತೆ ಹತ್ತು ದಿನಕ್ಕೆ ಕಡಲಿಗೆ ಹೊರಟ ಮೊಬೈಲಿಗೆ ಅದು ಸಾಲದು. ದಾಖಲೆಯೊಳಗೇ ಇರುವ ಯುಯುಐಡಿಗಾದರೆ ಅಂಥ ವಾಯಿದೆ ಇಲ್ಲ.

ಬುಟ್ಟಿ

ಐವತ್ತೋ ನೂರೋ ದಾಖಲೆಗಳನ್ನು ಜೇಸನ್ ಎಂಬ ಪಠ್ಯರೂಪದ ಒಂದು ಪಟ್ಟಿ ಮಾಡಿ ಒಂದೇ ಕರೆಯಲ್ಲಿ ಕಳಿಸುವುದು. ಬುಟ್ಟಿಗೆ 50ರಂತೆ 340 ದಾಖಲೆ ಏಳು ಬುಟ್ಟಿಗೆ ಮುಗಿಯುತ್ತದೆ.

ಬ್ಯಾಚ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನುಗಳು ಸಿಗುತ್ತವೆ, ಮೊದಲು ಅದನ್ನು ಬಿಡಿಸಿಕೊಳ್ಳಿ. ಮೈಕ್ರೋಸಾಫ್ಟಿನ ಸೇವೆಗಳ ಎಪಿಐಯಾದ ಗ್ರಾಫ್‌ನಲ್ಲಿ ಬ್ಯಾಚ್ ಒಂದು ದೊಡ್ಡ ಲಕೋಟೆ. ಒಳಗೆ 20ರ ತನಕ ಬಿಡಿ ಕರೆಗಳು, ಒಂದು ಓದುವುದಾದರೆ ಇನ್ನೊಂದು ಬರೆಯುವುದು. ಗ್ರಾಹಕರ ಲೆಕ್ಕ ಇಡುವ ಸೇಲ್ಸ್‌ಫೋರ್ಸ್‌ನ ಕಲೆಕ್ಷನ್ ಕರೆ ಹಾಗಲ್ಲ, ಒಂದೇ ಬಗೆಯ ಕೆಲಸ, 200 ದಾಖಲೆಗಳ ತನಕ. ಲಕೋಟೆಯಿಂದ ಓಡಾಟದ ಸಮಯ ಮಾತ್ರ ಉಳಿತಾಯ. ಒಂದೇ ಬಗೆಯ ಬುಟ್ಟಿಯಾದರೆ ಡೇಟಾಬೇಸಿಗೂ ಒಂದೇ ಏಟಿಗೆ ಬರೆಯಬಹುದು. ನೀವೇ ಎಪಿಐ ಬರೆಯುವವರಾದರೆ ಲಕೋಟೆಯ ಗೋಜಿಗೆ ಹೋಗಬೇಡಿ, ಸರ್ವರಿನೊಳಗೆ ಇನ್ನೊಂದು ಸರ್ವರ್ ಬರೆದ ಹಾಗಾಗುತ್ತದೆ.

ಮಂಡೆ ಬೆಚ್ಚ ಮಾಡುವ ಪ್ರಶ್ನೆ ಬೇರೆಯೇ. ಬುಟ್ಟಿಯಲ್ಲಿ ಒಂದು ಮೀನು ಹಾಳಾಗಿದ್ದರೆ ಏನು ಮಾಡುವುದು? ಇಡೀ ಬುಟ್ಟಿ ವಾಪಸ್ಸೋ, ಅದೊಂದನ್ನು ತೆಗೆದಿಟ್ಟು ಉಳಿದದ್ದು ಒಳಗೋ?

ದೊಡ್ಡವರೂ ಇದರಲ್ಲಿ ಒಂದೇ ಮನಸ್ಸಿನವರಲ್ಲ. ಸೇಲ್ಸ್‌ಫೋರ್ಸ್ ‘ಆಲ್ ಆರ್ ನನ್’ ಎಂಬ ಸ್ವಿಚ್ಚು ಕೊಟ್ಟು ಕೇಳುವವರಿಗೇ ಬಿಟ್ಟಿದೆ. ಹುಡುಕಾಟದ ಎಂಜಿನ್ ಎಲಾಸ್ಟಿಕ್‌ಸರ್ಚ್‌ನ ಬಲ್ಕ್ ಕರೆಯಲ್ಲಿ ಪ್ರತಿ ದಾಖಲೆಯ ಹಣೆಬರಹ ಅದರದ್ದೇ. ಅಮೆಜಾನಿನ ಡೇಟಾಬೇಸ್ ಡೈನಮೊಡಿಬಿಯಲ್ಲಿ ಎರಡು ಬಾಗಿಲುಗಳಿವೆ: ಒಂದರಲ್ಲಿ 25ರ ತನಕ ಬರೆಯಬಹುದು, ಆಗದೆ ಉಳಿದದ್ದನ್ನು ಅದು ಪಟ್ಟಿ ಮಾಡಿ ಹಿಂದೆ ಕೊಡುತ್ತದೆ, ನಾವು ಮತ್ತೆ ಕಳಿಸಬೇಕು. ಇನ್ನೊಂದರಲ್ಲಿ 100ರ ತನಕ, ಆದರೆ ಅಲ್ಲಿ ಹೋದರೆ ಎಲ್ಲ, ಇಲ್ಲವಾದರೆ ಯಾವುದೂ ಇಲ್ಲ. ಮೊಂಗೊಡಿಬಿ ಡೇಟಾಬೇಸಿನ ‘ಇನ್ಸರ್ಟ್ ಮೆನಿ’ ಮೂರನೆಯ ಜಾತಿ. ಏನೂ ಹೇಳದಿದ್ದರೆ ಅದು ಸಾಲುಕ್ರಮದಲ್ಲಿ ಬರೆಯುತ್ತ ಹೋಗಿ ಮೊದಲ ತಪ್ಪಿಗೆ ನಿಲ್ಲುತ್ತದೆ. ತಪ್ಪಿನ ಮೊದಲಿನವು ಒಳಗೆ, ನಂತರದವನ್ನು ಮುಟ್ಟಿಯೇ ಇರುವುದಿಲ್ಲ. ‘ಆರ್ಡರ್ಡ್’ ಎನ್ನುವುದನ್ನು ಫಾಲ್ಸ್ ಮಾಡಿದರೆ ಮಾತ್ರ ಉಳಿದವನ್ನೂ ಪ್ರಯತ್ನಿಸುತ್ತದೆ. ಇದನ್ನೇ ‘ಎಲ್ಲ ಅಥವಾ ಯಾವುದೂ ಇಲ್ಲ’ ಎಂದು ತಿಳಿದು ಕೋಡ್ ಬರೆದವರು ನಮ್ಮಲ್ಲೇ ಒಬ್ಬರಿದ್ದರು. ಹೆಸರು ಬೇಡ, ಈ ಲೇಖನ ಬರೆಯುತ್ತಿರುವುದು ಅವರೇ.

ನಮ್ಮ ಲೆಕ್ಕದಲ್ಲಿ ಎರಡೂ ಬೇಕಾಯಿತು. ಬಲೆಗೆ ಬಿದ್ದ ಮೀನಿನ ದಾಖಲೆಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ. ಒಂದು ಸಾಲಿನಲ್ಲಿ ಬಾಕ್ಸಿನ ಸಂಖ್ಯೆ ಖಾಲಿ ಎಂದು ಉಳಿದ 49 ಸಾಲು ಯಾಕೆ ಕಾಯಬೇಕು? ಅಲ್ಲಿ ಸರಿ ಇದ್ದದ್ದು ಒಳಗೆ. ಏಲಂ ಚೀಟಿಯ ಕತೆ ಬೇರೆ. ಚೀಟಿಯ ಒಟ್ಟು ಮೊತ್ತ ಸೇರಿ, ಅದರ ಆರು ಸಾಲುಗಳಲ್ಲಿ ಐದೇ ಸೇರಿದರೆ ಸಂಜೆ ಹಣ ಹಂಚುವಾಗ ಜಗಳ ಗ್ಯಾರಂಟಿ. ಅಲ್ಲಿ ಇಡೀ ಚೀಟಿ ಹೋಗಬೇಕು ಅಥವಾ ಏನೂ ಹೋಗಬಾರದು. ಬುಟ್ಟಿಯ ಒಂದು ಭಾಗ ಮಾತ್ರ ಉಳಿದರೂ ಅದಕ್ಕೆ ಅರ್ಥ ಇರುತ್ತದೆಯೇ ಎಂದು ಲೆಕ್ಕ ಬರೆಯುವವರನ್ನು ಕೇಳಿ. ಪ್ರೋಗ್ರಾಮರನ್ನು ಕೇಳಬೇಡಿ, ಅವನು ಯಾವುದು ಬರೆಯಲು ಸುಲಭವೋ ಅದನ್ನು ಹೇಳುತ್ತಾನೆ.

ಇನ್ನು ಉತ್ತರದ ರೂಪ. ಪ್ರತಿ ಕರೆಗೂ ಸರ್ವರ್ ಮೂರಂಕಿಯ ಒಂದು ಸಂಕೇತ ಕೊಡುತ್ತದೆ, 2ರಿಂದ ಶುರುವಾದರೆ ಸರಿ, 4ರಿಂದ ಶುರುವಾದರೆ ಕಳಿಸಿದವರ ಕಡೆಯ ತೊಂದರೆ. ಕೆಲವು ಹೋಗಿ ಕೆಲವು ಹೋಗದಿದ್ದಾಗ ಎಷ್ಟೋ ಎಪಿಐಗಳು 207 ಕೊಡುತ್ತವೆ. ಅದು ವೆಬ್‌ನಲ್ಲಿ ಕಡತ ತಿದ್ದಲು ಮಾಡಿದ ವೆಬ್‌ಡ್ಯಾವ್‌ನಿಂದ ಬಂದ ಸಂಕೇತ, ‘ಒಂದೊಂದಕ್ಕೆ ಒಂದೊಂದು ಉತ್ತರ, ಒಳಗೆ ನೋಡು’ ಎಂದರ್ಥ. ಎಲಾಸ್ಟಿಕ್‌ಸರ್ಚ್ 200 ಎಂದೇ ಹೇಳಿ, ತಪ್ಪು ಉಂಟು ಎಂಬ ಗುರುತನ್ನು ಒಳಗೆ ಇಡುತ್ತದೆ. ಎರಡರಲ್ಲೂ ಹೊಂಡ ಒಂದೇ. ಸಂಖ್ಯೆ 2ರಿಂದ ಶುರುವಾದರೆ ಎಲ್ಲ ಸುಸೂತ್ರ ಎಂದು ತಿಳಿಯುವ ಕೋಡ್ ಲೋಕದಲ್ಲಿ ತುಂಬಾ ಉಂಟು. ನಮ್ಮ ಮೊಬೈಲ್ ಕೋಡ್ 207 ಕಂಡ ಕೂಡಲೇ ಬುಟ್ಟಿ ತಲುಪಿತೆಂದು ತನ್ನಲ್ಲಿದ್ದ ಪ್ರತಿಯನ್ನು ಅಳಿಸಿಬಿಟ್ಟಿತು. ಸರ್ವರ್ ತಿರಸ್ಕರಿಸಿದ ಮೂರು ದಾಖಲೆಗಳು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ತಾಂಡೇಲರ ಬಾಯಿಲೆಕ್ಕದಿಂದ ಮತ್ತೆ ಬರೆಸಿದೆವು. ಅವರಿಗೆ ನೆನಪಿದ್ದದ್ದು ನಮ್ಮ ಪುಣ್ಯ.

ಈಗ ನಿಯಮ ಬಿಗಿ. ಸರ್ವರ್ ಯಾವ ಯುಯುಐಡಿಗೆ ‘ಸಿಕ್ಕಿತು’ ಎಂದು ಹೆಸರು ಹಿಡಿದು ಹೇಳುತ್ತದೋ ಅದನ್ನು ಮಾತ್ರ ಮೊಬೈಲು ಅಳಿಸಬೇಕು. ‘ಮೂರನೆಯದು ತಪ್ಪು’ ಎಂದು ಸ್ಥಾನ ಹೇಳಿದರೆ ಸಾಲದು, ಮರುಪ್ರಯತ್ನದಲ್ಲಿ ಬುಟ್ಟಿಯೊಳಗಿನ ಕ್ರಮ ಬದಲಾಗಿರಬಹುದು. ಅದೇ ಯುಯುಐಡಿ ಅದೇ ವಿವರದೊಂದಿಗೆ ಮತ್ತೆ ಬಂದರೆ ‘ಮೊದಲೇ ಉಂಟು’ ಎಂದು ಸಮಾಧಾನದ ಉತ್ತರ. ಅದೇ ಯುಯುಐಡಿ ಬೇರೆ ವಿವರದೊಂದಿಗೆ ಬಂದರೆ 409, ಅಂದರೆ ‘ತಾಳೆಯಾಗುತ್ತಿಲ್ಲ’, ಮನುಷ್ಯರು ನೋಡಲಿ.

ಬುಟ್ಟಿಯ ಗಾತ್ರಕ್ಕೆ ಶಾಸ್ತ್ರ ಇಲ್ಲ. ಆನ್‌ಲೈನ್ ಕೋಷ್ಟಕಗಳ ಏರ್‌ಟೇಬಲ್ ಒಂದು ಕರೆಗೆ 10 ದಾಖಲೆ ಎನ್ನುತ್ತದೆ, ಕಡತ ಇಡುವ ಅಮೆಜಾನ್ ಎಸ್3ಯಲ್ಲಿ ಒಂದೇ ಕರೆಗೆ 1000 ಕಡತ ಅಳಿಸಬಹುದು. ನಮ್ಮಲ್ಲಿ 50 ಬಂದದ್ದು ನೆಟ್‌ವರ್ಕಿನಿಂದ: ಬುಟ್ಟಿ ದೊಡ್ಡದಾದಷ್ಟೂ ಕಡಿದುಹೋದಾಗ ಮತ್ತೆ ಹೊರುವ ಭಾರವೂ ದೊಡ್ಡದು. ಫೋಟೋಗಳನ್ನು ಬುಟ್ಟಿಗೆ ತುರುಕಬೇಡಿ. ಸರ್ವರಿನ ಮುಂದೆ ನಿಂತು ಕರೆ ಸ್ವೀಕರಿಸುವ ಎಂಜಿನ್‌ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡ ಕರೆಯನ್ನು ಒಳಗೇ ಬಿಡುವುದಿಲ್ಲ, 413 ಎಂದು ಮುಖಕ್ಕೆ ಬಾಗಿಲು ಹಾಕುತ್ತದೆ.

ಲೋಡು

ಇಡೀ ಕಡತವನ್ನೇ ಕೊಟ್ಟು, ‘ಕೆಲಸ ಮುಗಿದ ಮೇಲೆ ಹೇಳು’ ಎಂದು ಬರುವ ದಾರಿ. ಸರ್ವರ್ 202, ಅಂದರೆ ‘ತೆಗೆದುಕೊಂಡೆ, ಇನ್ನೂ ಮುಗಿದಿಲ್ಲ’, ಎಂದು ಕೊಟ್ಟು ಒಂದು ಕೆಲಸದ ನಂಬರು ಕೈಗಿಡುತ್ತದೆ. ಆಮೇಲೆ ಆಗಾಗ ‘ಆಯ್ತಾ?’ ಎಂದು ಕೇಳುತ್ತಿರಬೇಕು. ಸೇಲ್ಸ್‌ಫೋರ್ಸ್‌ನ ಬಲ್ಕ್ ಎಪಿಐ ಹೀಗೆ, ಅಲ್ಪವಿರಾಮದಿಂದ ಬಿಡಿಸಿದ ಸಾಲುಗಳ ಕಡತ (ಸಿಎಸ್‌ವಿ) ಕೊಟ್ಟರೆ ಗೆದ್ದ ಸಾಲುಗಳಿಗೊಂದು, ಸೋತ ಸಾಲುಗಳಿಗೊಂದು ಫಲಿತಾಂಶದ ಕಡತ ಸಿಗುತ್ತದೆ.

ಹಳೆಯ ಲೆಡ್ಜರುಗಳ ಐದಾರು ಋತುವಿನ ಲೆಕ್ಕವನ್ನು ಒಳಗೆ ತರುವಾಗ ನಮಗೆ ಇದೇ ಸರಿಯಾಯಿತು. ಎಂಜಿನ್‌ಎಕ್ಸ್ ತನ್ನ ಹಿಂದಿರುವ ಸರ್ವರಿನ ಉತ್ತರಕ್ಕೆ ತಾನಾಗಿ ಕಾಯುವುದು 60 ಸೆಕೆಂಡು. ಕೆಲಸ ಅದರೊಳಗೆ ಮುಗಿಯುವ ಹಾಗಿಲ್ಲದಿದ್ದರೆ ಲೋಡಿನ ದಾರಿ ಹಿಡಿಯಿರಿ, ಮುಗಿಯುವುದಾದರೆ ಬೇಡ. ಯಾಕೆಂದರೆ ಲೋಡಿಗೆ ಕ್ಯೂ ಬೇಕು, ವರ್ಕರ್ ಬೇಕು, ಅರ್ಧಕ್ಕೆ ಸತ್ತ ಕೆಲಸವನ್ನು ಎಬ್ಬಿಸುವ ವ್ಯವಸ್ಥೆ ಬೇಕು. ಮಳೆಗಾಲದಲ್ಲಿ ಸಿಡಿಲು ಬಡಿದು ಕರೆಂಟು ಹೋದ ಆಫೀಸಿನಲ್ಲಿ ವರ್ಕರ್ ಓಡಿಸುವವರಿಗೆ ಈ ಕೊನೆಯದ್ದು ಚೆನ್ನಾಗಿ ಅರ್ಥವಾಗುತ್ತದೆ.

ಗುಂಪು ಎಂದರೆ ಯಾವುದು?

ಇಷ್ಟೆಲ್ಲ ಕಳಿಸುವ ಮಾತಾಯಿತು. ಒಳಗೆ ಹೋದ ದಾಖಲೆಗಳನ್ನು ಗುಂಪಾಗಿ ಇಡುವುದಕ್ಕೂ ಎರಡು ದಾರಿ. ವಿಳಾಸದಲ್ಲೇ ಮನೆ ಕಟ್ಟುವುದು ಒಂದು: ಮಾಲೀಕ, ಅವನ ಕೆಳಗೆ ಬೋಟು, ಅದರ ಕೆಳಗೆ ಟ್ರಿಪ್ಪು, ಅದರ ಕೆಳಗೆ ದಾಖಲೆ. ಇನ್ನೊಂದು, ದಾಖಲೆಗಳನ್ನೆಲ್ಲ ಒಂದೇ ಅಂಗಳದಲ್ಲಿಟ್ಟು ಚೀಟಿ ಅಂಟಿಸುವುದು: ಬೋಟು ಇದು, ಋತು ಇದು, ಮೀನಿನ ಜಾತಿ ಇದು.

ಮನೆಯ ಪದ್ಧತಿ ಮೊದಲು ಚಂದ ಕಾಣುತ್ತದೆ. ಬೋಟು ಕೈ ಬದಲಾಗುವ ದಿನ ಅದರ ಬಣ್ಣ ಬಯಲಾಗುತ್ತದೆ. ಮಾಲೀಕ ಬದಲಾದನೆಂದು ಸಾವಿರಾರು ದಾಖಲೆಗಳ ವಿಳಾಸ ಬದಲಿಸುವುದು ಯಾರ ಕೆಲಸ? ಎಸ್3ಯ ಸಾಮಾನ್ಯ ಬಕೆಟ್‌ನಲ್ಲಿ ಕಡತಗಳನ್ನು ಇಟ್ಟವರಿಗೆ ಈ ಅನುಭವ ಹೊಸದಲ್ಲ. ಅಲ್ಲಿ ಫೋಲ್ಡರಿನಂತೆ ಕಾಣುವುದು ಹೆಸರಿನ ಮುಂಭಾಗ ಅಷ್ಟೇ, ‘ಫೋಲ್ಡರಿನ ಹೆಸರು ಬದಲಿಸು’ ಎಂದರೆ ಪ್ರತಿಯೊಂದನ್ನೂ ನಕಲು ಮಾಡಿ ಹಳೆಯದನ್ನು ಅಳಿಸಬೇಕು. ಎಂದಿಗೂ ಬದಲಾಗದ ಸಂಬಂಧ ಮಾತ್ರ ವಿಳಾಸಕ್ಕೆ ಹೋಗಲಿ. ಟ್ರಿಪ್ಪಿನ ದಾಖಲೆ ಆ ಟ್ರಿಪ್ಪಿನದ್ದೇ, ಅದು ಸರಿ. ಮಾಲೀಕತ್ವ, ಜಾತಿ, ಋತು ಎಲ್ಲ ಚೀಟಿ.

ಚೀಟಿಗೆ ಶಿಸ್ತು ಬೇಕು. ಒಬ್ಬರು ಬೂತಾಯಿ ಎಂದು ಬರೆದರೆ ಕಾರವಾರ ಕಡೆಯಿಂದ ಬಂದವರು ತಾರ್ಲೆ ಎಂದು ಬರೆಯುತ್ತಾರೆ. ಎರಡೂ ಒಂದೇ ಮೀನು, ಎಪಿಐಗೆ ಎರಡು ಗುಂಪು. ಬರೆಯುವ ಜಾಗ ಕೊಡದೆ ಪಟ್ಟಿಯಿಂದ ಆರಿಸುವ ಹಾಗೆ ಮಾಡಿ, ಒಳಗೆ ಒಂದೇ ಸಂಕೇತ ಇಡಿ.

ದಿನದ ಗುಂಪಿನಲ್ಲಿ ನಮಗೆ ಬಿದ್ದ ಪೆಟ್ಟು ಇನ್ನೂ ತಮಾಷೆಯದು. ಸರ್ವರ್ ಸಮಯವನ್ನು ಯುಟಿಸಿ ಎಂಬ ಜಾಗತಿಕ ಗಡಿಯಾರದಲ್ಲಿ ಇಟ್ಟಿತ್ತು, ಅದೇನೋ ಸರಿಯೇ. ಆದರೆ ‘ಇವತ್ತಿನದ್ದು ಕೊಡು’ ಎಂದಾಗಲೂ ಅದು ಯುಟಿಸಿಯ ದಿನವನ್ನೇ ಕೊಡುತ್ತಿತ್ತು. ನಮ್ಮ ಬೆಳಗಿನ ಐದೂವರೆ ಎಂದರೆ ಅಲ್ಲಿ ನಡುರಾತ್ರಿ 12. ಬೇರೆ ವ್ಯಾಪಾರಕ್ಕೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ, ಬೆಳಗ್ಗೆ ಐದೂವರೆಗೆ ಮೊದಲು ಅಂಗಡಿ ತೆಗೆಯುವವರು ಎಷ್ಟು ಜನ? ಮೀನಿನ ವ್ಯಾಪಾರಕ್ಕೆ ಬೆಳಕು ಹರಿಯುವ ತನಕ ಕಾಯುವ ಅಭ್ಯಾಸ ಇಲ್ಲ. ಆ ಹೊತ್ತಿನ ಏಲಂ ಚೀಟಿಗಳೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗಿ ಕೂತಿದ್ದವು. ದಿನದಿಂದ ಗುಂಪು ಮಾಡುವ ಎಪಿಐ ಯಾರ ದಿನ ಎನ್ನುವುದನ್ನೂ ಕೇಳಲೇಬೇಕು.

ತಿದ್ದುವುದು, ಅಳಿಸುವುದು

ಗುಂಪನ್ನು ಅಳಿಸಲು ಎರಡು ಬಗೆ: ನಂಬರುಗಳ ಪಟ್ಟಿ ಕೊಟ್ಟು ಅಳಿಸುವುದು, ಷರತ್ತು ಕೊಟ್ಟು ಅಳಿಸುವುದು. ಎರಡನೆಯದಕ್ಕೆ ನಾನು ಸುಲಭದಲ್ಲಿ ಒಪ್ಪುವವನಲ್ಲ. ಕಾರಣ ಇಷ್ಟೇ. ಒಮ್ಮೆ ಪರೀಕ್ಷೆಯ ಸರ್ವರಿನಲ್ಲಿ ಒಂದು ಬೋಟಿನ ದಾಖಲೆಗಳನ್ನು ಅಳಿಸಲು ಹೋಗಿ ಷರತ್ತಿನ ಹೆಸರಿನಲ್ಲಿ ಒಂದಕ್ಷರ ತಪ್ಪಿತು. ನಮ್ಮ ಸರ್ವರ್ ತನಗೆ ಗೊತ್ತಿಲ್ಲದ ಷರತ್ತನ್ನು ಕಡೆಗಣಿಸುವ ಸ್ವಭಾವದ್ದು. ಷರತ್ತು ಹೋಯಿತು, ಉಳಿದದ್ದು ‘ಅಳಿಸು’. ಎಲ್ಲ ಬೋಟುಗಳೂ ಸ್ವಾಹಾ. ಪರೀಕ್ಷೆಯದ್ದಾದ ಕಾರಣ ಬದುಕಿದೆವು.

ಷರತ್ತಿನ ದಾರಿ ಬೇಕೇ ಬೇಕೆಂದಿದ್ದರೆ ಗೊತ್ತಿಲ್ಲದ ಷರತ್ತಿಗೆ 400 (‘ಕರೆಯೇ ತಪ್ಪು’) ಕೊಡಿ, ಖಾಲಿ ಷರತ್ತಿಗೂ ಅದೇ. ಮೊದಲು ‘ಎಷ್ಟು ಹೋಗುತ್ತದೆ’ ಎಂದು ಎಣಿಸಿ ಹೇಳುವ ಕರೆ ಇರಲಿ. ಅಳಿಸುವ ಕರೆಯಲ್ಲಿ ಆ ಎಣಿಕೆಯನ್ನು ಮತ್ತೆ ಕೇಳಿ, ಹೊಂದದಿದ್ದರೆ ನಿಲ್ಲಿಸಿ. ನಂಬರುಗಳ ಪಟ್ಟಿಯನ್ನು ಡಿಲೀಟ್ ಕರೆಯ ಒಡಲಿನಲ್ಲಿ ಕಳಿಸುವವರಿದ್ದಾರೆ. 2022ರ ಆರ್‌ಎಫ್‌ಸಿ 9110 ಡಿಲೀಟ್‌ನ ಒಡಲಿಗೆ ಸಾಮಾನ್ಯ ಅರ್ಥವೇನೂ ಇಲ್ಲ ಎನ್ನುತ್ತದೆ, ನಡುವೆ ಕರೆ ದಾಟಿಸುವ ಪ್ರಾಕ್ಸಿಯೊಂದು ಅದನ್ನು ಬಿಸಾಡಿದರೆ ದೂರಲಿಕ್ಕಿಲ್ಲ. ಪಟ್ಟಿಯನ್ನು ಪೋಸ್ಟ್ ಮೂಲಕ ‘ಗುಂಪು ಅಳಿಸು’ ಎಂಬ ಪ್ರತ್ಯೇಕ ವಿಳಾಸಕ್ಕೆ ಕಳಿಸುವುದೇ ಕ್ಷೇಮ. ನಿಜಕ್ಕೂ ಅಳಿಸುವ ಬದಲು ‘ಅಳಿಸಿದೆ’ ಎಂದು ಗುರುತು ಹಾಕಿ, ಏಲಂ ಲೆಕ್ಕ ಮುಗಿಯುವ ತನಕವಾದರೂ ಉಳಿಸಿಕೊಳ್ಳಿ.

ತಿದ್ದುವಾಗ ಪುಟ್ ಮತ್ತು ಪ್ಯಾಚ್ ನಡುವೆ ಎಚ್ಚರ. ಒಂದು ದಾಖಲೆಗೆ ಪುಟ್ ಒಳ್ಳೆಯದೆಂದು ಮೇಲೆ ಹೊಗಳಿದ್ದೇನೆ. ಅದನ್ನೇ ಇಡೀ ಗುಂಪಿನ ವಿಳಾಸಕ್ಕೆ ಕಳಿಸಿದರೆ ‘ಈ ಗುಂಪಿನಲ್ಲಿ ಇರಬೇಕಾದದ್ದು ಇಷ್ಟೇ’ ಎಂದರ್ಥ. ಒಂದು ದಾಖಲೆಯ ಪಟ್ಟಿ ಕಳಿಸಿದರೆ ಉಳಿದವಕ್ಕೆ ಎಳ್ಳು ನೀರು. ಗುಂಪಿನಲ್ಲಿ ಕೆಲವನ್ನಷ್ಟೇ ಬದಲಿಸಲು ಪ್ಯಾಚ್, ಪ್ರತಿ ದಾಖಲೆಯ ಜೊತೆ ಅದರ ಆವೃತ್ತಿ ಸಂಖ್ಯೆ. ಬಂದರಿನಲ್ಲಿ ಕೂತವರೊಬ್ಬರು, ಮನೆಯಿಂದ ಮಾಲೀಕರೊಬ್ಬರು ಒಂದೇ ಸಾಲನ್ನು ತಿದ್ದಿದಾಗ ಹಿಂದಿನ ಆವೃತ್ತಿ ಹಿಡಿದು ಬಂದವರಿಗೆ ‘ಬದಲಾಗಿದೆ, ಮತ್ತೆ ನೋಡಿ’ ಎನ್ನಲು ಅದು ಬೇಕು.

ಓದುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮೊದಲ 200 ಬಿಟ್ಟು ಮುಂದಿನ 50’ ಎನ್ನುವ ಆಫ್‌ಸೆಟ್ ಪದ್ಧತಿಯಲ್ಲಿ ಬಿಟ್ಟ 200ನ್ನೂ ಡೇಟಾಬೇಸು ದಾಟಿಯೇ ಬರಬೇಕು, ನಡುವೆ ಹೊಸದೊಂದು ಸೇರಿದರೆ ಒಂದು ಸಾಲು ಎರಡು ಸಲ ಕಾಣುತ್ತದೆ. ‘ಈ ದಾಖಲೆಯ ನಂತರದ 50’ ಎನ್ನುವ ಕರ್ಸರ್ ಪದ್ಧತಿಗೆ ಎರಡೂ ಕಾಟ ಇಲ್ಲ. ಪುಟದ ನಂಬರು ಒತ್ತಿ ಹಾರಲು ಆಗುವುದಿಲ್ಲ, ಅಷ್ಟೇ.

ನಮ್ಮಲ್ಲಿ ಈಗ ಏನುಂಟು

ಮೊಬೈಲೇ ಹುಟ್ಟಿಸಿದ ಏಳನೇ ಆವೃತ್ತಿಯ ಯುಯುಐಡಿ, 50ರ ಬುಟ್ಟಿ. ಮೀನಿನ ದಾಖಲೆಗೆ ಬಿಡಿ ಬಿಡಿ ಉತ್ತರ, ಏಲಂ ಚೀಟಿಗೆ ಇಡಿಯಾದ ಉತ್ತರ. ಹಳೆಯ ಲೆಡ್ಜರಿಗೆ ಮಾತ್ರ ಲೋಡು. ಒಂದೊಂದಾಗಿ ಕಳಿಸುವ ದಾರಿಯನ್ನೂ ಮುಚ್ಚಲಿಲ್ಲ, ಆಫೀಸಿನಲ್ಲಿ ಕೂತು ಒಂದು ಸಾಲು ತಿದ್ದುವವರಿಗೆ ಅದೇ ಸಾಕು.

ಪಡುಗಡಲಿನಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ. ಎಪಿಐ ಮುರಿದು ಕಟ್ಟುವ ಕೆಲಸವನ್ನೆಲ್ಲ ನಾವು ಆ ಕಿಟಕಿಯಲ್ಲೇ ಮಾಡುವುದು. ಆಗಸ್ಟಿನಲ್ಲಿ ಮೊದಲ ಬೋಟುಗಳು ಒಟ್ಟಿಗೆ ಬಂದಾಗ ಎಲ್ಲ ಮೊಬೈಲುಗಳೂ ಒಮ್ಮೆಗೇ ಬುಟ್ಟಿ ತಂದು ಸುರಿಯುತ್ತವೆ. ಆಗ ಸರ್ವರ್ ಕೆಲವರಿಗೆ 429 (‘ಕರೆ ಹೆಚ್ಚಾಯಿತು’) ಕೊಟ್ಟು, ಎಷ್ಟು ಸೆಕೆಂಡು ಬಿಟ್ಟು ಬರಬೇಕೆಂದೂ ಹೇಳುತ್ತದೆ. ಎಲ್ಲರಿಗೂ 30 ಸೆಕೆಂಡು ಎಂದರೆ ಎಲ್ಲರೂ 30ನೇ ಸೆಕೆಂಡಿಗೆ ಮತ್ತೆ ಒಟ್ಟಿಗೆ ಬಂದು ಬೊಬ್ಬೆ ಹೊಡೆಯುತ್ತಾರೆ. ಅದಕ್ಕೇ ಪ್ರತಿ ಮೊಬೈಲೂ ಅದರ ಮೇಲೆ ತನ್ನದೇ ಒಂದಷ್ಟು ಸೆಕೆಂಡು, 1ರಿಂದ 20ರೊಳಗೆ ಬಾಯಿಗೆ ಬಂದ ಸಂಖ್ಯೆ, ಸೇರಿಸಿಕೊಂಡು ಕಾಯುತ್ತದೆ.